ಕಬ್ಬು ಕಡಿಯುವ ತೋಳು

ಮನುಷ್ಯರ ಚಿತ್ರ ಬರೆಯಲು ಕಲಿಯುವವರಿಗೆ ಮಂಡ್ಯ ಸೀಮೆಯ ಕಬ್ಬಿನ ಗದ್ದೆಗಿಂತ ಒಳ್ಳೆಯ ತರಗತಿ ಬೇಕೆ? ಮಚ್ಚು ಎತ್ತಿದಾಗ ತೋಳಷ್ಟೇ ಏಳುವುದಿಲ್ಲ. ಬೆನ್ನ ಮೇಲಿನ ಹೆಗಲ ಮೂಳೆಯೂ ಜಾರಿ ಹೊರಕ್ಕೆ ತಿರುಗುತ್ತದೆ. ಅಂಗೈ ಮಗುಚಿದರೆ ಮೊಣಕೈ ಕೆಳಗಿನ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದು ಇನ್ನೊಂದನ್ನು ಅಡ್ಡ ದಾಟುತ್ತದೆ. ಇದು ತಿಳಿಯದೆ ಬರೆದ ಕೈ ಬರೀ ರಬ್ಬರ್ ಕೊಳವೆ.

ಬಸರಾಳಿನ ಮಲ್ಲಿಕಾರ್ಜುನ ಗುಡಿಯ (1234) ಹೊಯ್ಸಳ ಶಿಲ್ಪಗಳದು ಬೇರೆ ದಾರಿ: ತಾಲಮಾನ. ಅಲ್ಲಿ ಮುಖದ ಉದ್ದವೇ ಅಳತೆಗೋಲು. ಅದರ ಸೊಗಸು ಅದಕ್ಕೆ. ಆದರೆ ಮದ್ದೂರು ನಿಲ್ದಾಣದಲ್ಲಿ ವಡೆ ಬುಟ್ಟಿ ಹಿಡಿದು ನಿಂತವನಿಗೆ ಅದು ಸಾಲದು; ಭಾರ ಬಿದ್ದ ಕಾಲಿನ ಕಡೆ ಸೊಂಟ ಏರಿರುತ್ತದೆ, ಹೆಗಲು ಇಳಿದಿರುತ್ತದೆ.

ಮೊದಲು ಮೂಳೆಗಳ ಪಟ ನೋಡಿ ಕಲಿಯಿರಿ. ಆಮೇಲೆ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಕೂತು ಪೆನ್ಸಿಲ್ ತೆಗೆಯಿರಿ.