ಕಿವಿಗೊಡುವ ಕಸುಬು

ಫೋನಿನಲ್ಲೇ ಮನಸ್ಸಿನ ನೋವು ಕೇಳುವ ಆಪ್ತಸಮಾಲೋಚಕರಿಗೆ ಎದುರಿನವರ ಮುಖ ಕಾಣದು, ನಡುಗುವ ಕೈ ಕಾಣದು. ಉಸಿರು ಎಲ್ಲಿ ತಡೆಯಿತು, ಯಾವ ಮಾತಿನ ಬಳಿ ದನಿ ಕುಸಿಯಿತು ಎಂಬುದನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳಬೇಕು. ನಡುವೆ ಬಂದ ಮೌನವನ್ನು ತುಂಬಿಬಿಡುವ ಆತುರವಿಲ್ಲದೆ ಕಾಯುತ್ತಾರಲ್ಲ, ಅದು ನನಗೆ ದೊಡ್ಡ ವಿದ್ಯೆ ಎನಿಸುತ್ತದೆ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ ಎಂದು ನಮ್ಮವರು ದೇಹದ ಮೇಲೆ ಹಾಕಿ ಹೇಳುವ ದುಃಖ ಕನ್ನಡ ಬಲ್ಲವರಿಗೆ ಬೇಗ ತಿಳಿಯುತ್ತದೆ.

2022ರ ಅಕ್ಟೋಬರ್ 10ರಂದು ಶುರುವಾದ, ಇಂಥ ಸಮಾಲೋಚಕರೇ ಕರೆ ಕೇಳುವ ಸಹಾಯವಾಣಿ ಟೆಲಿ ಮಾನಸ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಆಸ್ಪತ್ರೆಯಲ್ಲಿ ಪರಿಚಿತರ ಕಣ್ಣಿಗೆ ಬಿದ್ದೇನೆಂದು ಅಂಜುವ ಹಳ್ಳಿಯ ಹೆಣ್ಣುಮಗಳೂ ಹಿತ್ತಿಲಲ್ಲಿ ನಿಂತೇ ಮಾತಾಡಬಹುದು. ಈ ಏರ್ಪಾಡು ನನಗೆ ನಿಜಕ್ಕೂ ಹೆಮ್ಮೆಯದು.