ಯಾವ ತರಗತಿಯ ಹುಡುಗ?

ಶ್ಯಾಮ್ ಸೆಲ್ವದುರೈ ಅವರ ‘ಫನ್ನಿ ಬಾಯ್’ ಕಾದಂಬರಿಯಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಕೊಲಂಬೊದ ತಮಿಳು ಹುಡುಗ ಆರ್ಜಿ ಹೊಸ ಶಾಲೆಗೆ ಸೇರಿ ಸಿಂಹಳ ಮಾಧ್ಯಮದ ತರಗತಿಗೆ ಬರುತ್ತಾನೆ. ಸಲ್ಗಾಡೊ ಎಂಬ ಪುಂಡ ಹುಡುಗ ಅವನನ್ನು ತಡೆದು, ನಿನ್ನ ಜಾಗ ಇದಲ್ಲ, ತಮಿಳು ತರಗತಿಗೆ ನಡೆ ಎನ್ನುತ್ತಾನೆ. ಆಗ ಶೆಹಾನ್ ಎಂಬ ಇನ್ನೊಬ್ಬ ಹುಡುಗ ಕೇಳುತ್ತಾನೆ: ತಮಿಳರು ಸಿಂಹಳ ಕಲಿಯಬೇಕೆಂದು ಯಾವಾಗಲೂ ಹೇಳುವವನು ನೀನೇ ಅಲ್ಲವೇ? ಸಲ್ಗಾಡೊನಲ್ಲಿ ಇದಕ್ಕೆ ಉತ್ತರವಿಲ್ಲ. ನನಗೆ ತಿಳಿದ ಮಟ್ಟಿಗೆ ಆ ದೇಶದಲ್ಲಿ ಯಾರಲ್ಲೂ ಇರಲಿಲ್ಲ.

ಆರ್ಜಿ ಮೊದಲಿನಿಂದಲೂ ಸಿಂಹಳದಲ್ಲೇ ಓದಿದವನು. ಅದು ಅವನ ಅಪ್ಪನ ತೀರ್ಮಾನ. ಮುಂದಿನ ಕಾಲ ಸಿಂಹಳದ್ದು ಎಂಬ ಲೆಕ್ಕಾಚಾರ. ಈ ಅಪ್ಪನನ್ನು ಹೇಡಿ ಎಂದು ಬರೆದುಬಿಡುವುದು ವಿಮರ್ಶಕನಿಗೆ ಸುಲಭ. ನನಗೆ ಆ ಧೈರ್ಯ ಬರಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಾನು ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವನು. ಕನ್ನಡದಲ್ಲಿ ಓದಿದರೆ ಇಲ್ಲಿ ಕೆಲಸವಿಲ್ಲ, ಮಲಯಾಳದಲ್ಲಿ ಓದಿದರೆ ಅಜ್ಜಿಗೆ ಬರೆದ ಕಾಗದ ಅಜ್ಜಿ ಓದಲಾರರು ಎಂದು ವಾದಿಸಿ, ಕೊನೆಗೆ ಎರಡನ್ನೂ ಬಿಟ್ಟೆ. ಈ ವಾರ್ಷಿಕವನ್ನು ಓದುವ ಮನೆಗಳಲ್ಲಿ ಇದೇ ವಾದ ನಡೆಯದ ಮನೆ ಎಷ್ಟಿದ್ದೀತು?

1994ರಲ್ಲಿ ಪ್ರಕಟವಾದ ಈ ಕಾದಂಬರಿ ಆರು ಕಥೆಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತಿದೆ. ಚರಿತ್ರೆಯ ಪಾಠ ಮಾಡುವುದು ಅದರ ಕೆಲಸವಲ್ಲ. ಆದರೆ ಆ ಚರಿತ್ರೆ ಗೊತ್ತಿಲ್ಲದೆ ಓದಿದರೆ ಅರ್ಧ ಕೈತಪ್ಪುತ್ತದೆ.

1956ರ ಜೂನ್ ತಿಂಗಳಲ್ಲಿ ಸಿಲೋನಿನ ಸಂಸತ್ತು ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿಸುವ ಮಸೂದೆಯನ್ನು ಅಂಗೀಕರಿಸಿತು. (ಅದೇ ವರ್ಷದ ನವೆಂಬರ್ 1ರಂದು ನಾವು ಕೇರಳದವರಾದೆವು. ಹೋಲಿಕೆ ವರ್ಷಕ್ಕಷ್ಟೇ, ಅದನ್ನು ಮುಂದಕ್ಕೆ ಎಳೆಯುವುದು ಅಲ್ಲಿ ಸತ್ತವರಿಗೆ ಮಾಡುವ ಅವಮಾನ.) ಮಸೂದೆ ತಂದ ಪ್ರಧಾನಿ ಬಂಡಾರನಾಯಕೆಯವರಿಗೆ ಬೆಂಕಿಯ ಬಿಸಿ ಬೇಗನೆ ತಾಗಿತು. 1957ರ ಜುಲೈಯಲ್ಲಿ ಅವರು ತಮಿಳರ ನಾಯಕ ಚೆಲ್ವನಾಯಗಂ ಅವರೊಡನೆ ಒಪ್ಪಂದಕ್ಕೆ ಬಂದರು. ಉತ್ತರ ಮತ್ತು ಪೂರ್ವ ಪ್ರಾಂತಗಳಲ್ಲಿ ತಮಿಳಿನಲ್ಲಿ ಆಡಳಿತ, ಪ್ರಾದೇಶಿಕ ಮಂಡಳಿಗಳು, ಹೊರಗಿನವರನ್ನು ತಂದು ನೆಲೆಗೊಳಿಸುವ ವಿಚಾರದಲ್ಲಿ ಆ ಮಂಡಳಿಗಳಿಗೆ ಅಧಿಕಾರ. ತಮಿಳರು ಕೇಳಿದ್ದಕ್ಕಿಂತ ಬಹಳ ಕಡಿಮೆ, ಸಿಂಹಳ ಪಕ್ಷದ ಉಗ್ರರು ಒಪ್ಪುವುದಕ್ಕಿಂತ ತುಸು ಹೆಚ್ಚು. ರಾಜಿ ಎಂದರೆ ಹಾಗೆಯೇ ಇರುತ್ತದೆ. ವಿರೋಧ ಪಕ್ಷದ ಜೆ. ಆರ್. ಜಯವರ್ಧನೆ ಇದನ್ನು ವಿರೋಧಿಸಿ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರ ಏಪ್ರಿಲ್‌ನಲ್ಲಿ ಭಿಕ್ಷುಗಳು ಪ್ರಧಾನಿಯ ಮನೆಯೆದುರು ಧರಣಿ ಕುಳಿತು, ಒಪ್ಪಂದ ರದ್ದಾಯಿತೆಂದು ಬರೆಸಿಕೊಂಡೇ ಎದ್ದರು. ಮರುತಿಂಗಳು ಗಲಭೆ ಹೊತ್ತಿತು. 1959ರಲ್ಲಿ ಬಂಡಾರನಾಯಕೆ ಒಬ್ಬ ಭಿಕ್ಷುವಿನ ಗುಂಡಿಗೆ ಬಲಿಯಾದರು. 1965ರಲ್ಲಿ ಡಡ್ಲಿ ಸೇನಾನಾಯಕೆ ಮತ್ತೆ ಚೆಲ್ವನಾಯಗಂ ಅವರೊಡನೆ ಒಪ್ಪಂದ ಮಾಡಿಕೊಂಡರು. ಅದರಲ್ಲಿ ಹೇಳಿದ್ದ ಜಿಲ್ಲಾ ಮಂಡಳಿಗಳು ಹುಟ್ಟಲೇ ಇಲ್ಲ. 1976ರ ಹೊತ್ತಿಗೆ ತಮಿಳು ಪಕ್ಷಗಳ ಬಾಯಲ್ಲಿ ಬೇರೆ ದೇಶದ ಮಾತು ಬಂತು. 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟಿತು. 1983ರ ಜುಲೈಯಲ್ಲಿ ಕೊಲಂಬೊ ಉರಿಯಿತು. ಆಗ ಅಧ್ಯಕ್ಷ ಪೀಠದಲ್ಲಿದ್ದವರು ಅಂದು ಪಾದಯಾತ್ರೆ ಹೊರಟಿದ್ದ ಅದೇ ಜಯವರ್ಧನೆ. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ.

ಇಷ್ಟೂ ಸಂಗತಿಗಳು ಕಾದಂಬರಿಯೊಳಗೆ ಬರುವುದು ಮನೆಮಾತಾಗಿ. ಆರ್ಜಿಯ ಅಮ್ಮಾಚಿಗೆ ಸಿಂಹಳರೆಂದರೆ ಆಗದು, ಯಾಕೆಂದರೆ 1958ರ ಗಲಭೆಯಲ್ಲಿ ಅವಳ ತಂದೆಯನ್ನು ಕೊಂದಿದ್ದರು. (ಅಮ್ಮಾಚಿ ಎಂಬ ಕರೆ ನಮ್ಮ ಮಲಯಾಳಿ ಓದುಗರಿಗೂ ಹೊಸತಲ್ಲ.) ಅವಳ ಮಗಳು ರಾಧಾ ನಾಟಕದ ತಾಲೀಮಿನಲ್ಲಿ ಅನಿಲ್ ಎಂಬ ಸಿಂಹಳ ತರುಣನನ್ನು ಮೆಚ್ಚುತ್ತಾಳೆ. ಸುದ್ದಿ ತಿಳಿದು ರಾಧೆಯನ್ನು ಜಾಫ್ನಾಕ್ಕೆ ಅಟ್ಟುತ್ತಾರೆ. ಮರಳುವಾಗ ರೈಲಿನ ಮೇಲೆ ದಾಳಿಯಾಗಿ ಅವಳು ಗಾಯಗೊಳ್ಳುತ್ತಾಳೆ. ಮತ್ತೆ ಅನಿಲನನ್ನು ಒಪ್ಪಲಾರಳು. ಅನಿಲ್ ಯಾರಿಗೂ ಏನೂ ಮಾಡಿದವನಲ್ಲ. ಇಬ್ಬರು ಒಳ್ಳೆಯವರ ನಡುವೆ ಮಾತು ಹೇಗೆ ನಿಂತುಹೋಗುತ್ತದೆ ಎಂಬುದನ್ನು ಇಷ್ಟು ಕಡಿಮೆ ಸದ್ದಿನಲ್ಲಿ ಹೇಳಿದ ಬರಹವನ್ನು ನಾನು ಬೇರೆ ಓದಿಲ್ಲ.

ಆದರೆ ಪುಸ್ತಕದ ನಿಜವಾದ ಬಲ ಶಾಲೆಯ ಅಧ್ಯಾಯದಲ್ಲಿದೆ. ಶಾಲೆಯಲ್ಲಿ ಇಬ್ಬರ ಜಗ್ಗಾಟ. ಉಪಪ್ರಾಂಶುಪಾಲ ಲೋಕುಬಂಡಾರನಿಗೆ ಶಾಲೆ ಬೌದ್ಧ ಸಿಂಹಳರದ್ದಾಗಬೇಕು. ಪ್ರಾಂಶುಪಾಲ ಅಬೆಯಸಿಂಘೆಗೆ ಎಲ್ಲರೂ ಇರುವ ಹಳೆಯ ಶಾಲೆಯೇ ಉಳಿಯಬೇಕು. ತಮಿಳು ಮಕ್ಕಳಿಗೆ ಆಸರೆ ಎರಡನೆಯವನು. ಆದರೆ ಹುಡುಗರನ್ನು ಕಾರಣವಿಲ್ಲದೆ ಬಡಿಯುವವನೂ ಅವನೇ. ತನ್ನ ಪೀಠ ಉಳಿಸಿಕೊಳ್ಳಲು ಮಂತ್ರಿಯ ಮುಂದೆ ಆರ್ಜಿಯಿಂದ ಇಂಗ್ಲಿಷ್ ಪದ್ಯಗಳನ್ನು ಹೇಳಿಸಹೊರಡುತ್ತಾನೆ. ಶೆಹಾನನಿಗೆ ಅವನಿಂದಾದ ಹಿಂಸೆಯನ್ನು ಕಂಡಿದ್ದ ಆರ್ಜಿ ಬೇಕೆಂದೇ ಪದ್ಯಗಳನ್ನು ಕಲಸುಮೇಲೋಗರ ಮಾಡುತ್ತಾನೆ.

ಇಲ್ಲಿ ನಾನು ಎರಡು ದಿನ ನಿಂತೆ. ಹುಡುಗ ಮಾಡಿದ್ದು ನ್ಯಾಯವೆಂದು ಮನಸ್ಸು ಹೇಳುತ್ತದೆ. ಅದರಿಂದ ಲಾಭ ಲೋಕುಬಂಡಾರನಿಗೆ ಎಂದು ಬುದ್ಧಿ ಹೇಳುತ್ತದೆ. ರಾಜಿ ಮಾಡಿಸುವ ನಡುವಣ ಮನುಷ್ಯ ಸಾತ್ವಿಕನಾಗಿರುತ್ತಾನೆಂದು ನಾವು ಊಹಿಸಿಕೊಂಡಿರುತ್ತೇವೆ. ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಬಂಡಾರನಾಯಕೆಯೇ ಸಿಂಹಳ ಮಸೂದೆ ತಂದವರು. ಅಂಥ ಕೈಯನ್ನು ಹಿಡಿಯಬೇಕೇ, ಕೊಡವಬೇಕೇ? ಸೆಲ್ವದುರೈ ಈ ಪ್ರಶ್ನೆಯನ್ನು ಹದಿಹರೆಯದ ಹುಡುಗನ ಹೆಗಲಿಗೆ ಹಾಕುತ್ತಾರೆ, ಅವನನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ.

ಆರ್ಜಿ ಮತ್ತು ಶೆಹಾನ್ ಪರಸ್ಪರ ಪ್ರೀತಿಸುವವರು. ಇದು ಗಂಡು ಗಂಡನ್ನು ಪ್ರೀತಿಸುವ ಕಥೆ, ಭಾಷೆಯ ಜಗಳ ಬರಿಯ ಹಿನ್ನೆಲೆ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲ ಕಥೆಯಲ್ಲೇ ಅಜ್ಜಿಮನೆಯ ಹಿತ್ತಲು ಹುಡುಗಿಯರಿಗೆ, ಮುಂದಿನ ಅಂಗಳ ಹುಡುಗರಿಗೆ ಎಂದು ಪಾಲಾಗಿದೆ. ಹಿತ್ತಲಲ್ಲಿ ಸೀರೆಯುಟ್ಟು ಮದುಮಗಳ ಆಟ ಆಡುವ ಆರ್ಜಿಯನ್ನು ಹಿರಿಯರು ಅಂಗಳಕ್ಕೆ ಅಟ್ಟುತ್ತಾರೆ. ನೀನು ಯಾವ ಕಡೆಯವನು ಎಂದು ಸಲ್ಗಾಡೊ ಕೇಳುವ ಮೊದಲೇ ಅವನ ಸ್ವಂತ ಮನೆಯವರು ಕೇಳಿಯಾಗಿತ್ತು.

ನನ್ನ ತಕರಾರು ಒಂದಿದೆ, ದೊಡ್ಡದೇ. ಭಾಷೆಗಾಗಿ ನೆತ್ತರು ಹರಿದ ನಾಡಿನ ಈ ಕಥೆಯಲ್ಲಿ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆಂದು ಕಿವಿಗೆ ಗೊತ್ತಾಗುವುದೇ ಇಲ್ಲ. ಅಮ್ಮಾಚಿಯ ಸಿಟ್ಟೂ ಇಂಗ್ಲಿಷ್, ಸಲ್ಗಾಡೊನ ಬೈಗುಳವೂ ಇಂಗ್ಲಿಷ್. ಎಲ್ಲರನ್ನೂ ಸಮಮಾಡುವ ಆ ಮೂರನೆಯ ಭಾಷೆ ಕೊಲಂಬೊದ ಉಳ್ಳವರ ಮನೆಗಳಿಗೆ ಒಂದು ಛತ್ರಿಯಾಗಿತ್ತು. ಅದು ಜಾಫ್ನಾದ ರೈತನಿಗೂ ಇರಲಿಲ್ಲ, ಗಾಲೆಯ ಬಡ ಸಿಂಹಳನಿಗೂ ಇರಲಿಲ್ಲ. ಇಂಗ್ಲಿಷ್ ಬಲ್ಲವರ ಮೇಲಿನ ಹಳ್ಳಿಗರ ಸಿಟ್ಟೇ 1956ರಲ್ಲಿ ಬಂಡಾರನಾಯಕೆಯವರನ್ನು ಗೆಲ್ಲಿಸಿದ ಕಾರಣಗಳಲ್ಲೊಂದು. ಆ ಸಿಟ್ಟಿನ ಒಳಮನೆಗೆ ಈ ಪುಸ್ತಕ ಕಾಲಿಡುವುದಿಲ್ಲ. ಮಗಳಿಗೆ ಅದೇ ಛತ್ರಿ ಕೊಡಿಸಿದ ನಾನು ಇದನ್ನು ದೂರುವುದು ಎಷ್ಟು ಸರಿಯೋ, ಓದುಗರು ಹೇಳಬೇಕು.

ಕೊನೆಯ ಭಾಗ ದಿನಚರಿಯ ರೂಪದಲ್ಲಿದೆ. 1983ರ ಜುಲೈಯ ಆ ದಿನಗಳಲ್ಲಿ ಆರ್ಜಿಯ ಮನೆ ಸುಡುತ್ತದೆ. ಅಮ್ಮಾಚಿ, ಅಪ್ಪಾಚಿ ಇಬ್ಬರೂ ಕಾರಿನಲ್ಲೇ ಬೆಂದುಹೋಗುತ್ತಾರೆ. ಅನಿಲನ ವಿಷಯದಲ್ಲಿ ಅಷ್ಟು ಹಟ ಹಿಡಿದಿದ್ದ ಆ ಮುದುಕಿ ತನ್ನ ತಂದೆಯಂತೆಯೇ ಸತ್ತಳು. ಹಾಗಾದರೆ ಅವಳ ಹಟವೇ ಸರಿಯಾಗಿತ್ತೇ? ಪುಸ್ತಕ ಮುಗಿಸಿದವನು ಮತ್ತೆ ರಾಧೆಯ ಅಧ್ಯಾಯಕ್ಕೆ ಹೋಗಿ ಅನಿಲ್ ಬರುವ ಪುಟಗಳನ್ನು ಒಂದೊಂದಾಗಿ ಓದಿದೆ. ಅವನ ಒಂದು ಮಾತಿನಲ್ಲೂ ತಪ್ಪು ಸಿಗಲಿಲ್ಲ.