ದೂರು ಕೊಡಲಾಗದ ಕ್ಲೈಂಟ್

'ಫಿಕ್ಸೆಡ್ ಪ್ರೈಸ್' ಪ್ರಾಜೆಕ್ಟ್ ಮಾಡಿದವರಿಗೆಲ್ಲ ಗೊತ್ತು. ದುಡ್ಡು ಮೊದಲೇ ನಿಗದಿ. ಎಷ್ಟು ಕಡಿಮೆ ಖರ್ಚಲ್ಲಿ ಮುಗಿಸ್ತೀವೋ ಅಷ್ಟು ಲಾಭ. ಕ್ಲೈಂಟ್ ಕೂಗಾಡ್ತಾನೆ ಅನ್ನೋ ಭಯವೇ ನಮ್ಮನ್ನ ನೆಟ್ಟಗಿಡೋದು. ಆದರೆ ಕ್ಲೈಂಟಿಗೆ ಮಾತೇ ಬರದಿದ್ದರೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ 'ಫ್ಯಾಮಿಲಿ ಕೇರ್' ಯೋಜನೆ ಬಗ್ಗೆ ಓದುವಾಗ ಈ ಪ್ರಶ್ನೆ ಕಾಡಿತು. ವೃದ್ಧರು, ಅಂಗವಿಕಲರು, ಬುದ್ಧಿ ಬೆಳವಣಿಗೆ ಕುಂಠಿತವಾದ ವಯಸ್ಕರು ಇವರ ದೀರ್ಘಕಾಲದ ಆರೈಕೆಗೆ ಮೆಡಿಕೇಯ್ಡ್ ಹಣದಿಂದ ನಡೆಯುವ ಯೋಜನೆ ಇದು. ಸರ್ಕಾರ ಒಬ್ಬೊಬ್ಬ ಸದಸ್ಯರಿಗೆ ತಿಂಗಳಿಗೆ ಇಂತಿಷ್ಟು ಅಂತ ಆರೈಕೆ ಸಂಸ್ಥೆಗೆ ಕೊಡುತ್ತೆ. ಸ್ನಾನ ಮಾಡಿಸುವವರು, ಓಡಾಟಕ್ಕೆ ವಾಹನ, ಕೆಲಸದಲ್ಲಿ ನೆರವು ಎಲ್ಲವನ್ನೂ ಅಷ್ಟರಲ್ಲೇ ಹೊಂದಿಸೋದು ಸಂಸ್ಥೆಯ ಹೊಣೆ.

ಇದರಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಮೊದಲು ನರ್ಸಿಂಗ್ ಹೋಮಿಗೆ ಸೇರೋದು ಸುಲಭ, ಮನೆಯಲ್ಲೇ ನೆರವು ಬೇಕಂದರೆ ವರ್ಷಗಟ್ಟಲೆ ಕಾಯಬೇಕಿತ್ತು. 2000ದಲ್ಲಿ ಶುರುವಾದ ಈ ಯೋಜನೆ ಮನೆಯ ನೆರವನ್ನೂ ಹಕ್ಕಾಗಿಸಿತು.

ನನ್ನ ತಕರಾರು ಲೆಕ್ಕದ ಬಗ್ಗೆ. ಸಹಾಯಕರ ಗಂಟೆ ಕಡಿಮೆ ಮಾಡಿದರೆ ಸಂಸ್ಥೆಗೆ ಅದು ಉಳಿತಾಯ. ಆ ಮನುಷ್ಯನಿಗೆ ಅದೇ ದಿನದ ಒಂದು ಹೊರಗಿನ ಸುತ್ತಾಟ. ಮೇಲ್ಮನವಿ ಹಾಕಬಹುದು, ಒಂಬುಡ್ಸ್‌ಮನ್ ಕೂಡ ಇದ್ದಾರೆ. ಆದರೆ ನೋಟಿಸ್ ಓದಿ, ಅರ್ಥ ಮಾಡಿಕೊಂಡು, ಅರ್ಜಿ ಬರೆಯೋರು ಯಾರು? ಬಹುತೇಕ ತಾಯಿ. ತಾಯಿ ಹೋದ ಮೇಲೆ?

ಊರಲ್ಲಿ ನಮ್ಮ ದೊಡ್ಡಮ್ಮನ ಮಗನಿಗೆ ನಲವತ್ತು ದಾಟಿದೆ. ಮಾತು ನಾಲ್ಕೈದೇ. ತಟ್ಟೆ ಯಾವ ಕಡೆ ತಳ್ಳಿದ ಅನ್ನೋದರಲ್ಲೇ ಅವನಿಗೆ ಏನಾಗ್ತಿದೆ ಅಂತ ದೊಡ್ಡಮ್ಮನಿಗೆ ಗೊತ್ತಾಗುತ್ತೆ. ನಮ್ಮಲ್ಲೂ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ, ಅವನ ಪರವಾಗಿ ಸಹಿ ಹಾಕೋಕೆ ಪಾಲಕರನ್ನು ನೇಮಿಸಬಹುದು. 'ನಿರಾಮಯ' ವಿಮೆ ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಕೊಡುತ್ತೆ. ಆದರೆ ಅವನಿಗಿರೋದು ಕಾಯಿಲೆಯಲ್ಲ. ಬೇಕಾಗಿರೋದು ಬೆಳಿಗ್ಗೆ ಎದ್ದರೆ ಎರಡು ಕೈ.

ಹಾಗಾಗಿ ವಿಸ್ಕಾನ್ಸಿನ್ ಕಂಡು ನಗೋ ಯೋಗ್ಯತೆ ನಮಗಿಲ್ಲ. ನಾಳೆ ಇಲ್ಲಿಗೂ ಅಂಥದ್ದೊಂದು ಬರಲಿ. ಬಂದರೆ ಒಂದು ಷರತ್ತು ಸೇರಿಸಿ: ಯಾರ ಗಂಟೆ ಕಡಿತ ಮಾಡೋದಿದ್ದರೂ, ಸಂಸ್ಥೆಯಿಂದ ಸಂಬಳ ತಗೊಳ್ಳದ ಒಬ್ಬರು ಮೊದಲು ಆ ಮನೆಗೆ ಹೋಗಿ, ಜೊತೆಗೆ ಕೂತು ಊಟ ಮಾಡಬೇಕು. ತಟ್ಟೆ ಯಾವ ಕಡೆ ಹೋಗುತ್ತೆ ಅಂತ ನೋಡಬೇಕು.